ಕೊಟ್ಟಿಗೆ–ಕಣಜಗಳ ಮಾದರಿಯಲ್ಲಿ ಹೊಸ ಮನೆ: ನಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು?

ಹೊಲದಂಚು:

ಎಲ್ಲರಿಗೂ ನಮಸ್ಕಾರ. ಮೂರು ಕಡೆ ಹೊಲವಿರುವ ಒಂದು ಜಾಗದಲ್ಲಿ ನಾವು ಮನೆ ಕಟ್ಟಿಸಲು ಹೊರಟಿದ್ದೇವೆ. ನೆಲವು ಪೂರ್ವದಿಂದ ಪಶ್ಚಿಮಕ್ಕೆ ಇಳಿಜಾರಾಗಿದ್ದು, 20 ಮೀಟರ್ ದೂರದಲ್ಲಿ ಸುಮಾರು ಒಂದೂವರೆ ಮೀಟರ್ ತಗ್ಗುತ್ತದೆ. ಗಾಳಿಮಳೆ ಬಹುಪಾಲು ಪಶ್ಚಿಮದಿಂದಲೇ ಬಡಿಯುತ್ತದೆ. ದುರದೃಷ್ಟವಶಾತ್ ಕಣ್ಣಿಗೆ ಹಿತವಾದ ನೋಟವಿರುವುದೂ ಆ ಕಡೆಗೇ. ಮನೆಯಲ್ಲಿ ನಾವು ನಾಲ್ವರು, ಅವರಲ್ಲಿ ಮೊಣಕಾಲು ನೋವಿರುವ ನನ್ನ ತಾಯಿಯೂ ಒಬ್ಬರು. 150 ಚದರ ಮೀಟರ್ ನೆಲ ನಮಗೆ ಧಾರಾಳವಾಗಿ ಸಾಕು.

ಹಳೆಯ ಕೊಟ್ಟಿಗೆ, ಕಣಜ, ಹುಲ್ಲಿನ ಮನೆಗಳ ಸರಳತೆ ನಮಗಿಬ್ಬರಿಗೂ ಮೊದಲಿನಿಂದ ಇಷ್ಟ. ಎರಡು ವರ್ಷಗಳಿಂದ ಚಿತ್ರಗಳನ್ನು ಕೂಡಿಟ್ಟುಕೊಂಡಿದ್ದೇವೆ: ನೆತ್ತಿಯವರೆಗೂ ತೆರೆದಿರುವ ಎತ್ತರದ ಹಜಾರ, ಕಪ್ಪು ಹಲಗೆಯ ಹೊರಗೋಡೆ, ಮಾಡಿನ ತ್ರಿಕೋನದ ತುಂಬ ಗಾಜು, ಒಳಗೆಲ್ಲ ಹಳಿಯ ಮೇಲೆ ಜಾರುವ ದೊಡ್ಡ ಮರದ ಬಾಗಿಲುಗಳು. ಇವನ್ನೆಲ್ಲ ತೋರಿಸಿ ಒಬ್ಬರಿಂದ ನಕ್ಷೆ ಬರೆಸಿದೆವು. ಅವರು 12 ಮೀಟರ್ ಉದ್ದ, 12 ಮೀಟರ್ ಅಗಲದ ಚೌಕದ ಮೇಲೆ ಒಂದೇ ದೊಡ್ಡ ಇಳಿಮಾಡು ಹೊದಿಸಿ, ನಾವು ಕೇಳಿದ್ದೆಲ್ಲವನ್ನೂ ಅದರಲ್ಲಿ ತಪ್ಪದೆ ಸೇರಿಸಿ ಕೊಟ್ಟರು. ಯಾವುದೂ ಬಿಟ್ಟುಹೋಗಿಲ್ಲ, ಆದರೂ ಒಟ್ಟಾರೆಯಾಗಿ ನೋಡಿದರೆ ಅದು ಗೋದಾಮಿನಂತೆ ಕಾಣುತ್ತದೆ. ಗೋದಾಮಿಗೂ ಕೊಟ್ಟಿಗೆಗೂ ನಡುವೆ ಇರುವ ವ್ಯತ್ಯಾಸವೇನೆಂದು ಬಾಯಿಬಿಟ್ಟು ಹೇಳಲು ಮಾತ್ರ ನಮಗೆ ಬರುತ್ತಿಲ್ಲ.

ಹೀಗಾಗಿ ಕೇಳುತ್ತಿದ್ದೇನೆ. ಇಂತಹ ಮನೆಯ ವಿನ್ಯಾಸದಲ್ಲಿ ಮೊದಲು ನಿರ್ಧರಿಸಬೇಕಾದದ್ದು ಯಾವುದು? ಹಜಾರದ ಮೇಲೆ ಅಡ್ಡತೊಲೆಗಳೇ ಇಲ್ಲದಂತೆ ಮಾಡಲು ಸಾಧ್ಯವೇ? ಹೊರಗೋಡೆಗೆ ಮರದ ಹಲಗೆ ಹಾಕಿಸಿದರೆ ಎಷ್ಟು ಕಾಲ ಬಾಳುತ್ತದೆ? ಇಂತಹ ಮನೆಯಲ್ಲಿ ವಾಸವಾಗಿರುವವರು ಯಾರಾದರೂ ಇದ್ದರೆ ಅವರ ಅನುಭವವನ್ನು ವಿಶೇಷವಾಗಿ ಎದುರುನೋಡುತ್ತೇನೆ.

ಅಂಕಣಕಾರ:

ನನ್ನ ಈ ಹೆಸರನ್ನು ನೋಡಿ ಪತ್ರಿಕೆಗೆ ಬರೆಯುವವನೆಂದು ತಿಳಿಯಬೇಡಿ. ನಾನು ಮನೆಗಳ ವಿನ್ಯಾಸ ಮಾಡುವವನು. ಎರಡು ಕಂಬಸಾಲುಗಳ ನಡುವಣ ಜಾಗಕ್ಕೆ ಅಂಕಣ ಎನ್ನುತ್ತಾರಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಆ ಒಂದು ಮಾತಿನಲ್ಲಿಯೇ ಇದೆ. ಹಳೆಯ ಕೊಟ್ಟಿಗೆ ಕಟ್ಟಿದವರು ಹೊರನೋಟದಿಂದ ಆರಂಭಿಸಿದವರಲ್ಲ. ಸಿಗುವ ತೊಲೆ ಎಷ್ಟು ಉದ್ದ, ಅದು ಎಷ್ಟು ಭಾರ ಹೊರುತ್ತದೆ ಎಂಬುದರಿಂದ ಕಟ್ಟಡದ ಅಗಲವೂ ಅಂಕಣದ ಅಳತೆಯೂ ನಿರ್ಧಾರವಾಗುತ್ತಿದ್ದವು. ಹೆಚ್ಚು ಜಾಗ ಬೇಕೆಂದರೆ ಅಗಲವನ್ನು ಮುಟ್ಟದೆ ಉದ್ದಕ್ಕೆ ಮತ್ತೊಂದು ಅಂಕಣ ಸೇರಿಸುತ್ತಿದ್ದರು. ಕಿರಿದಾದ, ನೀಳವಾದ, ಲಯಬದ್ಧವಾದ ಆ ಆಕಾರ ಈ ಲೆಕ್ಕದಿಂದ ಹುಟ್ಟಿದ್ದು. ನಿಮ್ಮ ನಕ್ಷೆಯಲ್ಲಿ ಕೊಟ್ಟಿಗೆಯ ಬಾಗಿಲಿದೆ, ಹಲಗೆಯಿದೆ, ಬಣ್ಣವಿದೆ, ಅಂಕಣವೊಂದು ಇಲ್ಲ.

ಅಗಲದ ವಿಷಯವನ್ನೇ ಮೊದಲು ನೋಡಿ. ಮಾಡಿನ ಇಳಿಜಾರು 30 ಡಿಗ್ರಿ ಎಂದಿಟ್ಟುಕೊಂಡರೆ, 12 ಮೀಟರ್ ಅಗಲದ ಕಟ್ಟಡದ ಮಾಡು ಗೋಡೆಯ ಮೇಲೆ ಸುಮಾರು ಮೂರೂವರೆ ಮೀಟರ್ ಏರುತ್ತದೆ. ಎಂದರೆ ಮೂರು ಮೀಟರಿನ ಗೋಡೆಯ ಮೇಲೆ ಅದಕ್ಕಿಂತ ಎತ್ತರದ ಟೋಪಿ. ಅಗಲ 6 ಮೀಟರ್ ಆದರೆ ಮಾಡು ಏರುವುದು 1.73 ಮೀಟರ್ ಮಾತ್ರ. ಅಲ್ಲದೆ, ಕಿಟಕಿಯ ಬೆಳಕು ಅದರ ಮೇಲಂಚು ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಷ್ಟು, ಹೆಚ್ಚೆಂದರೆ ಎರಡೂವರೆಯಷ್ಟು ದೂರದವರೆಗೆ ಮಾತ್ರ ಒಳಗೆ ಚೆನ್ನಾಗಿ ತಲುಪುತ್ತದೆ. 12 ಮೀಟರ್ ಅಗಲದ ಮನೆಯ ನಡುಭಾಗದಲ್ಲಿ ಹಗಲೂ ದೀಪ ಬೇಕಾಗುತ್ತದೆ. 6 ಮೀಟರಿನಲ್ಲಿ ಎದುರುಬದುರು ಕಿಟಕಿಯಿಟ್ಟರೆ ಬೆಳಕು, ಗಾಳಿ ಎರಡೂ ತಾವಾಗಿಯೇ ಬರುತ್ತವೆ.

ಹಳೆಯ ಕಾಲದಲ್ಲಿ ಅಗಲವಾದ ಕಟ್ಟಡಗಳೇ ಇರಲಿಲ್ಲವೆಂದಲ್ಲ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಕ್ರೆಸಿಂಗ್ ಟೆಂಪಲ್ ಎಂಬಲ್ಲಿ 13ನೇ ಶತಮಾನದ ಎರಡು ಭಾರೀ ಕಣಜಗಳು, ಒಂದು ಬಾರ್ಲಿಗೆ, ಒಂದು ಗೋಧಿಗೆ, ಇಂದಿಗೂ ನಿಂತಿವೆ. ಆದರೆ ಅಲ್ಲಿಯೂ ನಡುವೆ ಎತ್ತರದ ಒಂದು ಸಾಲು, ಅದರ ಎರಡೂ ಪಕ್ಕಕ್ಕೆ ತಗ್ಗಾದ ಕಿರುಸಾಲು ಎಂದು ಕಂಬಗಳು ಅಗಲವನ್ನು ಮೂರಾಗಿ ಹಂಚಿಕೊಂಡಿವೆ. ಇಂತಹ ಕಣಜಗಳ ಎದುರುಬದುರು ದೊಡ್ಡ ಬಾಗಿಲುಗಳೂ ಅಲಂಕಾರಕ್ಕೆಂದು ಇಟ್ಟವಲ್ಲ. ತುಂಬಿದ ಗಾಡಿ ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿತ್ತು. ಒಕ್ಕಿದ ಕಾಳನ್ನು ತೂರುವಾಗ ಎರಡನ್ನೂ ತೆರೆದರೆ ಗಾಳಿ ನೇರವಾಗಿ ಹಾಯ್ದು ಹೊಟ್ಟು ಹಾರಿಹೋಗುತ್ತಿತ್ತು. ಮನೆಯಲ್ಲಿ ದೊಡ್ಡ ಗಾಜನ್ನು ಎಲ್ಲಿಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆ ಬೇಕಿಲ್ಲ: ಗಾಡಿಬಾಗಿಲು ಇರಬಹುದಾಗಿದ್ದ ಅಂಕಣವನ್ನು ಎರಡೂ ಕಡೆ ಪೂರ್ತಿಯಾಗಿ ತೆರೆಯಿರಿ, ಉಳಿದ ಗೋಡೆಯನ್ನು ಆದಷ್ಟು ಮುಚ್ಚಿಡಿ. ಕೊಟ್ಟಿಗೆಯ ಗೋಡೆಯ ತುಂಬ ಮನೆಯ ಕಿಟಕಿಗಳನ್ನು ಸಾಲಾಗಿ ಕೊರೆದ ಕೂಡಲೇ ಅದರ ಗಾಂಭೀರ್ಯ ಹೋಗಿಬಿಡುತ್ತದೆ. ಮಲಗುವ ಕೋಣೆಗಳಿಗೆ ಕಿಟಕಿ ಬೇಕೇಬೇಕಲ್ಲ ಎಂದರೆ, ಹೊರಹಲಗೆಗಳನ್ನು ಕಿಟಕಿಯ ಮುಂದೆಯೂ ಸಂದುಬಿಟ್ಟು ಮುಂದುವರಿಸಬಹುದು. ದನಗಳಿಗೆ ಗಾಳಿಯಾಡಲಿ, ಮಳೆ ಮಾತ್ರ ಒಳಬರದಿರಲಿ ಎಂದು ಹಳಬರು ಹಾಗೆಯೇ ಹಲಗೆ ಹೊಡೆಯುತ್ತಿದ್ದರು.

ಇನ್ನು ನಿಮ್ಮ ಇಳಿಜಾರು. ಒಂದೂವರೆ ಮೀಟರಿಗೆ 20 ಮೀಟರ್ ಎಂದರೆ, 12 ಮೀಟರ್ ಅಗಲದ ಕಟ್ಟಡದ ಮೇಲಂಚಿಗೂ ಕೆಳಂಚಿಗೂ 90 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಅಷ್ಟು ಮಣ್ಣನ್ನು ಕಡಿಯಬೇಕು ಇಲ್ಲವೇ ತುಂಬಬೇಕು. 6 ಮೀಟರ್ ಅಗಲದ ಕಟ್ಟಡವನ್ನು ಉತ್ತರ–ದಕ್ಷಿಣವಾಗಿ, ಇಳಿಜಾರಿಗೆ ಅಡ್ಡಲಾಗಿ ಮಲಗಿಸಿದರೆ ಆ ವ್ಯತ್ಯಾಸ 45 ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಆಗ ಉದ್ದನೆಯ ಗೋಡೆ ಪಶ್ಚಿಮಕ್ಕೆ, ಎಂದರೆ ಮಳೆಗೂ ಇಳಿಬಿಸಿಲಿಗೂ ಮುಖಮಾಡುತ್ತದೆ. ಗಾಡಿ ನಿಲ್ಲಿಸುವ ಹಳೆಯ ಕಟ್ಟಡಗಳನ್ನು ಗಮನಿಸಿದ್ದೀರಾ? ಗಾಳಿ ಬರುವ ಕಡೆಗೆ ಕುರುಡುಗೋಡೆ, ಎದುರುಕಡೆ ಪೂರ್ತಿ ತೆರಪು. ನೀವೂ ಪಶ್ಚಿಮಕ್ಕೆ ಸೂರನ್ನು ತಗ್ಗಿಸಿ, ಗೋಡೆಯನ್ನು ಬಹುಪಾಲು ಮುಚ್ಚಿ, ನೋಟಕ್ಕೆಂದು ಒಂದೇ ಒಂದು ಅಂಕಣವನ್ನು ಆಳವಾದ ಜಗಲಿಯೊಡನೆ ತೆರೆದು, ಮನೆಯ ನಿಜವಾದ ಬಾಳನ್ನು ಪೂರ್ವದ ಅಂಗಳದ ಕಡೆಗೆ ತಿರುಗಿಸಬಹುದು. ಹೊಲದ ಕಟ್ಟಡಗಳು ಒಂಟಿಯಾಗಿ ಇರುತ್ತಿದ್ದುದೂ ಕಡಿಮೆ. ಕೆಲಸಕ್ಕೊಂದರಂತೆ ಎರಡೋ ಮೂರೋ ಕಟ್ಟಡಗಳು ಸೇರಿ ನಡುವೆ ಅಂಗಳವನ್ನು ಉಂಟುಮಾಡುತ್ತಿದ್ದವು. ನಿಮ್ಮ 150 ಚದರ ಮೀಟರನ್ನೂ ಎರಡಾಗಿ ಒಡೆಯುವ ಬಗ್ಗೆ ಯೋಚಿಸಿ.

ಆಧುನಿಕ ಮಾದರಿ ಬೇಕೆಂದರೆ ಆಸ್ಟ್ರೇಲಿಯಾದ ವಾಸ್ತುಶಿಲ್ಪಿ ಗ್ಲೆನ್ ಮರ್ಕಟ್ ಅವರು 1975ರಲ್ಲಿ ಮುಗಿಸಿದ ಮರೀ ಶಾರ್ಟ್ (Marie Short) ಮನೆಯ ನಕ್ಷೆಯನ್ನು ಹುಡುಕಿ ನೋಡಿ. ಕಂಬಗಳ ಮೇಲೆ ನೆಲದಿಂದ ಎತ್ತರಿಸಿದ, ಅಕ್ಕಪಕ್ಕದಲ್ಲಿ ತುಸು ಜಾರಿಸಿಟ್ಟ ಎರಡು ನೀಳ ಕಟ್ಟಡಗಳು, ಅಲೆತಗಡಿನ ಮಾಡು, ಅಂಕಣಕ್ಕೆ ಅಂಕಣ ಜೋಡಿಸಿದ ಮರದ ಚೌಕಟ್ಟು. 1980ರಲ್ಲಿ ಅದೇ ಮನೆಯನ್ನು ಮರ್ಕಟ್ ತಾವೇ ಕೊಂಡು ದೊಡ್ಡದು ಮಾಡಿದರು. ಅಂಕಣದ ಲೆಕ್ಕದಲ್ಲಿ ಕಟ್ಟಿದ್ದರಿಂದ ಅದನ್ನು ಬೆಳೆಸುವುದು ಸಹಜವಾಯಿತು. ಕ್ಯಾಲಿಫೋರ್ನಿಯಾ ಕರಾವಳಿಯ ಸೀ ರಾಂಚ್‌ನಲ್ಲಿ 1965ರಲ್ಲಿ ಮುಗಿದ ಹತ್ತು ಮನೆಗಳ ಕಟ್ಟಡವನ್ನೂ ನೋಡಿ. ಹಳೆಯ ಕಣಜಗಳಂತೆ ಬಣ್ಣವಿಲ್ಲದ ನಿಲುಹಲಗೆ, ಗಾಳಿಯನ್ನು ಮೇಲಕ್ಕೆ ಜಾರಿಸುವ ಒಂಟಿ ಇಳಿಜಾರಿನ ಮಾಡು, ಸೂರೇ ಇಲ್ಲದ ಗೋಡೆ. ಒಳಗಿನ ಎತ್ತರದ ಜಾಗದಲ್ಲಿ ನಾಲ್ಕು ಕಂಬದ ಮಂಟಪದಂತಹ ಒಂದು ಸಣ್ಣ ರಚನೆಯನ್ನು ನಿಲ್ಲಿಸಿ, ಕೆಳಗೆ ಕೂರುವ, ಮೇಲೆ ಮಲಗುವ ಜಾಗ ಮಾಡಿದ್ದಾರೆ. ಎತ್ತರವಾದ ಹಜಾರದಲ್ಲಿ ಮನುಷ್ಯನ ಅಳತೆ ಕಳೆದುಹೋಗದಂತೆ ಮಾಡಲು ಇದು ಒಳ್ಳೆಯ ಉಪಾಯ.

ನಿಮ್ಮ ವಿನ್ಯಾಸಕಾರರು ಮತ್ತೆ ಬಂದಾಗ ಹೊರನೋಟದ ಚಿತ್ರ ಕೇಳಬೇಡಿ. ಒಂದು ಅಂಕಣವನ್ನು ನೆತ್ತಿಯಿಂದ ಅಡಿಪಾಯದವರೆಗೆ ಸೀಳಿದರೆ ಹೇಗೆ ಕಾಣುತ್ತದೆ ಎಂಬ ಸೆಕ್ಷನ್ ನಕ್ಷೆಯನ್ನು ಮೊದಲು ಬರೆದುಕೊಡಲು ಹೇಳಿ.

ತೊಲೆಜಂತೆ:

ನಾನು ರಚನಾ ಎಂಜಿನಿಯರ್. ಅಡ್ಡತೊಲೆಗಳ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಚಿತ್ರ ನೋಡಿ ಮನೆ ಕಟ್ಟಿಸುವವರು ಎಡವುವುದು ಇಲ್ಲಿಯೇ ಹೆಚ್ಚು.

ಎರಡು ಇಸ್ಪೀಟೆಲೆಗಳನ್ನು ಒಂದಕ್ಕೊಂದು ಒರಗಿಸಿ ಮೇಜಿನ ಮೇಲೆ ನಿಲ್ಲಿಸಿ. ಬುಡಗಳು ಹೊರಕ್ಕೆ ಜಾರುತ್ತವೆ. ಇಳಿಮಾಡಿನ ಪಕಾಸುಗಳು, ಎಂದರೆ ನೆತ್ತಿಯಿಂದ ಗೋಡೆಗೆ ಇಳಿಯುವ ಓರೆ ಮರಗಳು, ಮಾಡುವುದೂ ಅದನ್ನೇ. ಭಾರ ಬಿದ್ದಂತೆಲ್ಲ ಅವು ಗೋಡೆಯ ತಲೆಯನ್ನು ಹೊರಕ್ಕೆ ತಳ್ಳುತ್ತವೆ, ಅಡ್ಡತೊಲೆ ಅವನ್ನು ಹಿಡಿದೆಳೆದು ನಿಲ್ಲಿಸುತ್ತದೆ. ಹೀಗಾಗಿ ಅಡ್ಡತೊಲೆಯನ್ನು ಅಂದಕ್ಕೆ ಇಟ್ಟದ್ದೆಂದು ಬಗೆದು ತೆಗೆಸಬಾರದು. ತೆಗೆಸುವುದಾದರೆ ಅದರ ಕೆಲಸವನ್ನು ಮತ್ತೊಂದಕ್ಕೆ ಒಪ್ಪಿಸಬೇಕು.

ಆ ತಳ್ಳು ಎಷ್ಟಿರುತ್ತದೆ ಎಂಬುದಕ್ಕೆ ಒಂದು ಸ್ಥೂಲ ಲೆಕ್ಕ ಕೊಡುತ್ತೇನೆ. ಅಗಲ 6 ಮೀಟರ್, ಅಂಕಣ 3 ಮೀಟರ್, ಮಾಡಿನ ಸ್ವಂತ ತೂಕವೂ ಮೇಲಿನ ಭಾರವೂ ಸೇರಿ ಚದರ ಮೀಟರಿಗೆ 150 ಕಿಲೊ ಎಂದಿಟ್ಟುಕೊಳ್ಳಿ. ಇಳಿಜಾರು 30 ಡಿಗ್ರಿಯಾದರೆ ಪ್ರತಿ ಚೌಕಟ್ಟಿನ ಬುಡದಲ್ಲಿ ಹೊರಮುಖವಾದ ತಳ್ಳು ಸುಮಾರು 1,170 ಕಿಲೊ. ಇಳಿಜಾರನ್ನು 15 ಡಿಗ್ರಿಗೆ ಇಳಿಸಿದರೆ ಅದು ಸುಮಾರು 2,520 ಕಿಲೊ ಆಗುತ್ತದೆ; 45ಕ್ಕೆ ಏರಿಸಿದರೆ 675ಕ್ಕೆ ಇಳಿಯುತ್ತದೆ. ತಗ್ಗುಮಾಡು ಸೌಮ್ಯವಾಗಿ ಕಂಡರೂ ಗೋಡೆಗೆ ಹೆಚ್ಚು ಕ್ರೂರ ಎಂಬುದು ಇದರಿಂದ ತಿಳಿಯುತ್ತದೆ. ಅಡ್ಡತೊಲೆಯನ್ನು ಗೋಡೆಯ ಮಟ್ಟದಿಂದ ಮೇಲೆತ್ತಿ ಮಾಡಿನ ಅರ್ಧ ಎತ್ತರದಲ್ಲಿ ಕೂರಿಸೋಣ ಎಂದು ಅನೇಕರು ಕೇಳುತ್ತಾರೆ. ಹಾಗೆ ಮಾಡಿದರೆ ಆ ತೊಲೆಯ ಮೇಲಿನ ಎಳೆತ ಇಮ್ಮಡಿಯಾಗುವುದಲ್ಲದೆ, ಪಕಾಸುಗಳು ಆ ತೊಲೆ ಕೂಡುವ ಜಾಗದಲ್ಲಿ ಬಾಗತೊಡಗುತ್ತವೆ.

ನಿಮಗಿರುವ ದಾರಿಗಳಲ್ಲಿ ನನಗೆ ಹೆಚ್ಚು ಹಿಡಿಸುವುದು ನೆತ್ತಿತೊಲೆ. ನೆತ್ತಿಯ ಉದ್ದಕ್ಕೂ ಒಂದು ಗಟ್ಟಿ ತೊಲೆಯನ್ನು ಕಂಬಗಳ ಇಲ್ಲವೇ ಅಡ್ಡಗೋಡೆಗಳ ಮೇಲೆ ಕೂರಿಸಿದರೆ, ಪಕಾಸುಗಳು ಅದಕ್ಕೆ ತೂಗುಬಿದ್ದು ತಳ್ಳುವುದನ್ನೇ ಬಿಡುತ್ತವೆ. ಆದರೆ ಮಾಡಿನ ಅರ್ಧ ಭಾರ ಆ ತೊಲೆಯ ಮೇಲೆ ಬೀಳುತ್ತದೆ. ಒಂದು ಅಂಕಣದಷ್ಟು ದೂರಕ್ಕೆ ಅದು ಕಷ್ಟವಲ್ಲ. ಹಜಾರಕ್ಕೆಂದು ನಡುವಿನ ಕಂಬ ತೆಗೆದು ಎರಡು ಅಂಕಣ ದಾಟಿಸಿದರೆ ಬಾಗಿಸುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದು ನೆನಪಿರಲಿ. ಎರಡನೆಯ ದಾರಿ, ಮರದ ಅಡ್ಡತೊಲೆಯ ಜಾಗದಲ್ಲಿ ಉಕ್ಕಿನ ಸರಳು. ಮೇಲಿನ 1,170 ಕಿಲೊ ಎಳೆತಕ್ಕೆ 16 ಮಿಲಿಮೀಟರ್ ಸರಳು ಲೆಕ್ಕದಲ್ಲಿ ಸಾಕಾಗುತ್ತದೆ. ಹತ್ತು ಅಡಿ ಎತ್ತರದಲ್ಲಿ ಹೆಬ್ಬೆರಳಿನಷ್ಟೂ ದಪ್ಪವಿಲ್ಲದ ಆ ಗೆರೆ ಕಣ್ಣಿಗೆ ಕಂಡೂ ಕಾಣದಂತಿರುತ್ತದೆ. ಬಾಗದ ಮೂಲೆಗಳಿರುವ ಉಕ್ಕಿನ ಚೌಕಟ್ಟು ಮೂರನೆಯದು, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ತಗಡು ಹೊದಿಸುವುದಾದರೆ ಮತ್ತೊಂದು ಮಾತು. ಹಂಚಿನ ಮಾಡು ತನ್ನ ತೂಕದಿಂದಲೇ ಕುಳಿತಿರುತ್ತದೆ. ತಗಡು ಹಗುರ, ತೆರೆದ ಬಯಲಿನ ಗಾಳಿ ಅದನ್ನು ಮೇಲಕ್ಕೆ ಹೀರಿ ಎಳೆಯುತ್ತದೆ. ತಗಡನ್ನು ಹೊತ್ತ ರೀಪಿನಿಂದ ಪಕಾಸಿಗೆ, ಪಕಾಸಿನಿಂದ ಗೋಡೆಗೆ, ಗೋಡೆಯಿಂದ ಅಡಿಪಾಯಕ್ಕೆ ಉಕ್ಕಿನ ಪಟ್ಟಿಯ ಹಿಡಿತ ಎಲ್ಲಿಯೂ ತುಂಡಾಗದಂತೆ ಸಾಗಬೇಕು. ನನ್ನ ಅಂಕಿಗಳು ತಿಳಿವಳಿಕೆಗೆ ಮಾತ್ರ; ನಿಮ್ಮ ಸ್ಥಳದ ಗಾಳಿಯ ವೇಗ ಹಿಡಿದು ಲೆಕ್ಕ ಹಾಕಿದ ನಕ್ಷೆಯಿಲ್ಲದೆ ಕೆಲಸ ಆರಂಭಿಸಬೇಡಿ.

ತಗಡಿನಡಿಯ ವಾಸಿ:

ನೀವು ಕೂಡಿಟ್ಟಿರುವ ಚಿತ್ರಗಳಲ್ಲಿರುವಂತಹದೇ ಮನೆಯಲ್ಲಿ ನಾವು ಒಂಬತ್ತು ವರ್ಷಗಳಿಂದ ಇದ್ದೇವೆ. ಈ ಮನೆ ನನಗೆ ಪ್ರಿಯವಾದದ್ದೇ. ಆದರೂ ಚಿತ್ರಗಳಲ್ಲಿ ಕಾಣದ ಕೆಲವು ಸಂಗತಿಗಳನ್ನು ಹೇಳಲೇಬೇಕು.

ಮನೆಗೆ ಬಂದ ಮೊದಲ ಚಳಿಗಾಲದ ಒಂದು ಬೆಳಿಗ್ಗೆ ಹಜಾರದಲ್ಲಿ ಬರೆಯುತ್ತ ಕುಳಿತಿದ್ದಾಗ ತೆರೆದಿಟ್ಟ ಪುಸ್ತಕದ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಹಿಂದಿನ ಹತ್ತು ದಿನ ಮಳೆಯ ಸುಳಿವೇ ಇರಲಿಲ್ಲ. ಗುತ್ತಿಗೆದಾರರು ಎರಡು ಬಾರಿ ಆಳುಗಳನ್ನು ಮಾಡಿಗೆ ಹತ್ತಿಸಿ, ಪ್ರತಿ ತಿರುಪಿನ ತಲೆಗೂ ಅಂಟು ಮೆತ್ತಿಸಿ, ಇನ್ನು ಸೋರುವುದಿಲ್ಲ ಎಂದು ಹೇಳಿಹೋದರು. ಮೂರನೆಯ ಬಾರಿ ನಾನೇ ಏಣಿ ಹತ್ತಿ ಒಳಹಲಗೆಯೊಂದನ್ನು ಬಿಚ್ಚಿಸಿ ನೋಡಿದರೆ, ತಗಡಿನ ಒಳಮೈ ತುಂಬ ಬೆವರಿನಂತೆ ಹನಿಗಳು ಸಾಲುಗಟ್ಟಿದ್ದವು. ಸೋರುತ್ತಿದ್ದುದು ನಮ್ಮದೇ ಉಸಿರು, ನಮ್ಮದೇ ಅಡುಗೆಯ ಆವಿ. ನಾಲ್ಕು ಜನರ ಸಂಸಾರ ದಿನವೊಂದಕ್ಕೆ ಸುಮಾರು ಹತ್ತು ಲೀಟರಿನಷ್ಟು ನೀರನ್ನು ಆವಿಯಾಗಿ ಗಾಳಿಗೆ ಸೇರಿಸುತ್ತದೆಯೆಂದು ಆಮೇಲೆ ತಿಳಿಯಿತು. ಕೊಟ್ಟಿಗೆಯಲ್ಲಿ ದನದ ಉಸಿರು ನೆತ್ತಿಯ ಸಂದಿನಿಂದ ತಾನಾಗಿ ಹೊರಟುಹೋಗುತ್ತದೆ. ನಾವು ಕೊಟ್ಟಿಗೆಯ ಆಕಾರ ಇಟ್ಟುಕೊಂಡು ಸಂದುಗಳನ್ನು ಮಾತ್ರ ಮುಚ್ಚಿದ್ದೆವು.

ಕೊನೆಗೆ ತಗಡನ್ನೆಲ್ಲ ಬಿಚ್ಚಿಸಿ, ಶಾಖನಿರೋಧಕ ಪದರದ ಮೇಲೆ ಐದು ಸೆಂಟಿಮೀಟರ್ ಗಾಳಿಯ ಹಾದಿ ಬಿಟ್ಟು, ಅದು ಸೂರಿನಲ್ಲಿ ಆರಂಭವಾಗಿ ನೆತ್ತಿಯಲ್ಲಿ ತೆರೆಯುವಂತೆ ಮಾಡಿಸಿದೆವು. ನಮ್ಮದು ಚಳಿ ಹೆಚ್ಚಿರುವ ಜಾಗವಾದ್ದರಿಂದ ಆವಿಯನ್ನು ತಡೆಯುವ ಹಾಳೆ ಒಳಮಗ್ಗುಲಿಗೆ ಬಂತು. ಸದಾ ಸೆಕೆಯಿರುವ, ಒಳಗೆ ಯಂತ್ರದಿಂದ ತಂಪು ಮಾಡುವ ಮನೆಯಲ್ಲಿ ಆವಿ ಹೊರಗಿನಿಂದ ಒಳಕ್ಕೆ ಬರುವುದರಿಂದ ಅದೇ ಹಾಳೆಯನ್ನು ಒಳಗೆ ಹಾಕಿದರೆ ಕೇಡಾಗುತ್ತದೆ. ಇದನ್ನು ನಿಮ್ಮ ಹವಾಮಾನ ನೋಡಿ ನಿರ್ಧರಿಸಿ. ಮಾಡು ಕಟ್ಟುವಾಗಲೇ ಮಾಡಿಸಿದ್ದರೆ ಇದು ಕೆಲವೇ ದಿನಗಳ ಹೆಚ್ಚುವರಿ ಕೆಲಸ.

ಎರಡನೆಯದು ಸದ್ದು. ನಮ್ಮ ಹಜಾರ 10 ಮೀಟರ್ ಉದ್ದ, 6 ಮೀಟರ್ ಅಗಲ. ಕಲ್ಲುನೆಲ, ಗಾರೆಗೋಡೆ, ನುಣ್ಣನೆಯ ಹಲಗೆಯ ಮಾಡು. ಇಬ್ಬರು ಮಾತನಾಡಿದರೆ ಸೊಗಸು, ಆರು ಜನ ಸೇರಿದರೆ ಯಾರಿಗೂ ಯಾರ ಮಾತೂ ತಿಳಿಯುತ್ತಿರಲಿಲ್ಲ. ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂಬುದಕ್ಕೆ ಸಬೀನ್ ಎಂಬ ವಿಜ್ಞಾನಿಯ ಸರಳ ಸೂತ್ರವಿದೆ: ಕೋಣೆಯ ಘನ ಅಳತೆಯನ್ನು 0.16ರಿಂದ ಗುಣಿಸಿ, ಸದ್ದು ಹೀರುವ ಮೈಯ ಅಳತೆಯಿಂದ ಭಾಗಿಸಬೇಕು. ಲೆಕ್ಕ ಹಾಕಿದರೆ ನಮ್ಮ ಬರಿದಾದ ಹಜಾರಕ್ಕೆ ಮೂರು ಸೆಕೆಂಡಿಗಿಂತ ಹೆಚ್ಚೇ ಬಂತು. ಮಾಡಿನ ಒಳಮೈಗೆ ಸಂದುಬಿಟ್ಟ ಮರದ ಪಟ್ಟಿ ಹೊಡೆಸಿ, ಹಿಂದೆ ಸದ್ದು ಹೀರುವ ಉಣ್ಣೆಯಂತಹ ಪದರ ತುಂಬಿಸಿದ ಮೇಲೆ ಅದು ಒಂದು ಸೆಕೆಂಡಿಗಿಂತ ಕಡಿಮೆಯಾಯಿತು. ಹಜಾರದಲ್ಲಿ ಸದ್ದು ಹೀರಲು ಅಷ್ಟು ದೊಡ್ಡ ಜಾಗವಿರುವುದು ಮಾಡಿನಲ್ಲಿ ಮಾತ್ರ. ಅದನ್ನು ಬಿಟ್ಟು ಪರದೆ, ಜಮಖಾನೆಗಳಿಂದ ಸಾಧಿಸುತ್ತೇನೆಂದು ನಾನು ಎರಡು ವರ್ಷ ವ್ಯರ್ಥ ಮಾಡಿದೆ.

ಜಾರುಬಾಗಿಲಿನ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಅದಕ್ಕೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು ಇದ್ದೇ ಇರುತ್ತದೆ; ಸದ್ದು, ಬೆಳಕು, ವಾಸನೆ ಯಾವುದನ್ನೂ ಅದು ತಡೆಯುವುದಿಲ್ಲ. ಉಗ್ರಾಣಕ್ಕೆ ಹಾಕಿಸಿ, ಬಚ್ಚಲಿಗೆ ಖಂಡಿತ ಬೇಡ. ಬಾಗಿಲು ಸರಿದು ನಿಲ್ಲುವ ಗೋಡೆಯ ಮೇಲೆ ಸ್ವಿಚ್ಚಾಗಲಿ ಕಪಾಟಾಗಲಿ ಇಡಲಾಗುವುದಿಲ್ಲ ಎಂಬುದೂ ನಮಗೆ ವಿದ್ಯುತ್ ಕೆಲಸ ಮುಗಿದ ಮೇಲೆಯೇ ಹೊಳೆಯಿತು. ಪಶ್ಚಿಮದ ತ್ರಿಕೋನಕ್ಕೆ ಪೂರ್ತಿ ಗಾಜು ಹಾಕಿಸುವ ಆಸೆಯಿದ್ದರೆ, ಸೂರಿನ ನೆರಳು ಅಷ್ಟು ಕೆಳಗಿನ ಬಿಸಿಲನ್ನು ತಡೆಯಲಾರದೆಂದು ತಿಳಿದಿರಿ. ನಮ್ಮ ಮನೆಯ ಗಾಜಿಗೆ ಈಗ ಹೊರಗಿನಿಂದ ಮರದ ಅಡ್ಡಪಟ್ಟಿಗಳ ತಡಿಕೆ ಬಂದಿದೆ, ಮತ್ತು ನಿಜ ಹೇಳಬೇಕೆಂದರೆ ಅದರಿಂದ ಮನೆಯ ಅಂದ ಹೆಚ್ಚಿದೆ.

ಉಳಿಬಾಚಿ:

ನಾನು ಮರಗೆಲಸದವನು, ಹಲಗೆಯ ಪ್ರಶ್ನೆ ನನ್ನ ಪಾಲಿನದು. ಅಂಕಣಕಾರರು ಹೇಳಿದ ಬಹುಪಾಲು ಮಾತುಗಳನ್ನು ಒಪ್ಪುತ್ತೇನೆ, ಸೂರಿಲ್ಲದ ಗೋಡೆಯ ಉದಾಹರಣೆಯೊಂದನ್ನು ಬಿಟ್ಟು. ಸೀ ರಾಂಚ್‌ನ ಆ ಕರಾವಳಿಯಲ್ಲಿ ಬಳಸಿದ್ದು ತಾನಾಗಿಯೇ ಕೊಳೆತವನ್ನು ತಡೆಯುವ ರೆಡ್‌ವುಡ್ ಮರ, ಮತ್ತು ಅಲ್ಲಿ ಸೂರನ್ನು ಹೊರಚಾಚಿದ್ದರೆ ಗಾಳಿ ಅದಕ್ಕೇ ಕೈಹಾಕುತ್ತಿತ್ತು. ಮಳೆ ಬಡಿಯುವ ಗೋಡೆಗೆ ಸಾಮಾನ್ಯ ಮರ ಹಾಕಿಸುವವರು ಅರವತ್ತರಿಂದ ತೊಂಬತ್ತು ಸೆಂಟಿಮೀಟರ್ ಸೂರು ಬಿಡದೆ ಇರುವುದು, ಛತ್ರಿ ಮನೆಯಲ್ಲಿಟ್ಟು ನೆನೆಯುತ್ತ ಹೋದಂತೆ.

ಹಲಗೆ ಎಷ್ಟು ಕಾಲ ಬಾಳುತ್ತದೆ ಎಂಬುದು ಮರದ ಜಾತಿಯಷ್ಟೇ ಮೊಳೆಯ ಮೇಲೂ ನಿಂತಿದೆ. ಮರ ಉದ್ದಕ್ಕೆ ಹೆಚ್ಚು ಕದಲುವುದಿಲ್ಲ. ಅಗಲಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುತ್ತದೆ. ಕೊಟ್ಟಿಗೆಗಳಲ್ಲಿ ಅಗಲ ಹಲಗೆಗಳನ್ನು ನಿಲುವಾಗಿ, ನಡುವೆ ಒಂದು ಬೆರಳಿನ ಸಂದುಬಿಟ್ಟು ಹೊಡೆದು, ಸಂದಿನ ಮೇಲೆ ಕಿರುಪಟ್ಟಿ ಮುಚ್ಚುತ್ತಿದ್ದುದು ಇದಕ್ಕಾಗಿ. ಅಗಲ ಹಲಗೆಯನ್ನು ಪ್ರತಿ ಅಡ್ಡಪಟ್ಟಿಗೂ ನಟ್ಟನಡುವೆ ಒಂದೇ ಮೊಳೆಯಿಂದ ಹಿಡಿಯಬೇಕು, ಮತ್ತು ಕಿರುಪಟ್ಟಿಯ ಮೊಳೆ ಎರಡು ಹಲಗೆಗಳ ನಡುವಣ ಸಂದಿನಲ್ಲಿಯೇ ಇಳಿದು ಹಿಂದಿನ ಅಡ್ಡಪಟ್ಟಿಗೆ ಹೋಗಬೇಕು. ಬಿಗಿಯಾಗಿರಲೆಂದು ಹಲಗೆಯ ಎರಡೂ ಅಂಚಿಗೆ ಮೊಳೆ ಬಡಿದರೆ ಮರಕ್ಕೆ ಕದಲಲು ಜಾಗವಿಲ್ಲದೆ ಮೊದಲ ಬೇಸಗೆಯಲ್ಲಿಯೇ ನಡುವೆ ಸೀಳುತ್ತದೆ. ಹೊಸಬರು ಕೆಲಸ ಮಾಡುವಾಗ ನಾನು ಪಕ್ಕದಲ್ಲಿ ನಿಂತು ನೋಡುವುದು ಇದೊಂದನ್ನೇ.

ಹಲಗೆಯ ಕೆಳತುದಿ ನೆಲದಿಂದ ಕನಿಷ್ಠ 20 ಸೆಂಟಿಮೀಟರ್ ಮೇಲಿರಲಿ, ಅದಕ್ಕಿಂತ ಕೆಳಗೆ ಕಲ್ಲಿನ ಪ್ಲಿಂತ್, ಎಂದರೆ ಗೋಡೆಯ ಬುಡದ ಕಟ್ಟೆ, ಬರಲಿ. ಸೂರಿನ ನೀರು ನೆಲಕ್ಕೆ ಬಿದ್ದು ಚಿಮ್ಮುವುದು ಆ ಎತ್ತರಕ್ಕೆ. ಸ್ಪೇನಿನ ಗಲೀಸಿಯಾದ ಹಳೆಯ ಕಣಜಗಳನ್ನು ಕಲ್ಲುಕಂಬಗಳ ಮೇಲೆ ಎತ್ತಿ, ಇಲಿ ಹತ್ತದಂತೆ ಕಂಬದ ತಲೆಗೆ ಚಪ್ಪಟೆ ಬಿಲ್ಲೆಗಲ್ಲು ಇಟ್ಟಿರುತ್ತಾರೆ. ಇಲಿಯ ಜೊತೆಗೆ ನೆಲದ ತೇವಕ್ಕೂ ಅಲ್ಲಿಯೇ ತಡೆ. ಮರದ ಕಂಬವನ್ನು ಎಂದಿಗೂ ಕಾಂಕ್ರೀಟಿನೊಳಗೆ ಹೂಳಿಸಬೇಡಿ. ಕಂಬದ ಕೆಳತುದಿ ಬತ್ತಿಯಂತೆ ನೀರು ಹೀರುತ್ತದೆ, ಕೊಳೆಯುವುದು ಕಣ್ಣಿಗೆ ಕಾಣುವುದೂ ಇಲ್ಲ. ಉಕ್ಕಿನ ಪಾದದ ಮೇಲೆ, ಗಾಳಿಯಾಡುವಂತೆ ಕೂರಿಸಬೇಕು.

ಬಣ್ಣದ ವಿಷಯ ನಿಮ್ಮಿಷ್ಟ. ಕಪ್ಪು ಹಲಗೆ ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆ, ಹೆಚ್ಚು ಕದಲುತ್ತದೆ. ಸ್ವೀಡನ್ನಿನ ಹೊಲಮನೆಗಳ ಕೆಂಪು ಫಾಲುನ್ ತಾಮ್ರದ ಗಣಿಯ ಕೆಮ್ಮಣ್ಣಿನಿಂದ ಬಂದದ್ದು. ಆ ಬಣ್ಣ ಪದರವಾಗಿ ಸುಲಿಯದೆ ಪುಡಿಯಾಗಿ ಉದುರುವುದರಿಂದ, ಮತ್ತೆ ಬಳಿಯುವ ಮುನ್ನ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಏನನ್ನೂ ಬಳಿಯದೆ ಬೂದಿಬಣ್ಣಕ್ಕೆ ತಿರುಗಲು ಬಿಡುವುದೂ ತಪ್ಪಲ್ಲ, ಆದರೆ ಸೂರಿನ ಕೆಳಗಿನ ಹಲಗೆ ವರ್ಷಗಟ್ಟಲೆ ಕಂದಾಗಿಯೇ ಉಳಿದು ಗೋಡೆ ಎರಡು ಬಣ್ಣವಾಗುತ್ತದೆ. ಅದನ್ನು ಸಹಿಸಿಕೊಳ್ಳುವ ಮನಸ್ಸಿರಬೇಕು.

ಹೊಲದಂಚು:

ಇಷ್ಟು ಬಿಡಿಸಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ವಿನ್ಯಾಸಕಾರರೊಡನೆ ಕುಳಿತು ಚೌಕವನ್ನು ಕೈಬಿಟ್ಟು ಹೊಸದಾಗಿ ಬರೆದೆವು. ಈಗ ಎರಡು ಕಟ್ಟಡಗಳಿವೆ, ಎರಡೂ ಉತ್ತರ–ದಕ್ಷಿಣವಾಗಿ. ಕೆಳಗಿನದು 6 ಮೀಟರ್ ಅಗಲ, 3 ಮೀಟರಿನ ಐದು ಅಂಕಣ: ಹಜಾರಕ್ಕೆ ಎರಡು, ಅಡುಗೆಮನೆಗೆ ಒಂದು, ಪ್ರವೇಶ ಮತ್ತು ಬಚ್ಚಲಿಗೆ ಒಂದು, ತಾಯಿಯ ಕೋಣೆಗೆ ಒಂದು. ಮೇಲಿನದು 5 ಮೀಟರ್ ಅಗಲ, ನಾಲ್ಕು ಅಂಕಣ, ಉಳಿದ ಕೋಣೆಗಳೆಲ್ಲ ಅಲ್ಲಿ. ಕೂಡಿಸಿದರೆ ಸರಿಯಾಗಿ 150 ಚದರ ಮೀಟರ್. ಹೊರಗೋಡೆಯ ಸುತ್ತಳತೆ ಮಾತ್ರ 48 ಮೀಟರಿನಿಂದ 76ಕ್ಕೆ ಏರಿದ್ದರಿಂದ, ಖರ್ಚನ್ನು ಸರಿದೂಗಿಸಲು ತ್ರಿಕೋನದ ಗಾಜನ್ನೂ ಜಾರುಬಾಗಿಲುಗಳನ್ನೂ ಬಿಟ್ಟುಕೊಟ್ಟಿದ್ದೇವೆ. ಹಜಾರಕ್ಕೆ ಉಕ್ಕಿನ ಸರಳು ಬರುತ್ತದೆ.

ಉಳಿದಿರುವ ಗೊಂದಲ ಒಂದೇ. ಎರಡು ಕಟ್ಟಡಗಳ ನೆಲಮಟ್ಟಕ್ಕೆ 90 ಸೆಂಟಿಮೀಟರ್ ವ್ಯತ್ಯಾಸವಿದೆ. ಅವನ್ನು ಜೋಡಿಸುವ ಹಾದಿ ಹೇಗಿರಬೇಕು? ಅದಕ್ಕೂ ಇಳಿಮಾಡನ್ನೇ ಹೊದಿಸಬೇಕೇ?

ಅಂಕಣಕಾರ:

ಬೇಡ. ಮೂರನೆಯ ಇಳಿಮಾಡು ಬಂದರೆ ಎರಡು ಕಡೆಯೂ ಮಾಡಿಗೆ ಮಾಡು ಕೂಡುವ ಕಣಿವೆ ಹುಟ್ಟುತ್ತದೆ. ಎಲೆ ಸೇರುವುದೂ ನೀರು ಒಳನುಗ್ಗುವುದೂ ಅಲ್ಲಿಯೇ. ಜೋಡಿಸುವ ಹಾದಿಯ ಮೇಲ್ಛಾವಣಿ ಬಹುತೇಕ ಸಮತಟ್ಟಾಗಿದ್ದು, ಎರಡೂ ಕಟ್ಟಡಗಳ ಸೂರಿಗಿಂತ ಕೆಳಗೆ ಸರಿದು ನಿಲ್ಲಲಿ. ಮೇಲಿನ ಸೂರುಗಳ ನೀರು ಅದರ ಮೇಲೆ ಬೀಳದಂತೆ ಆ ಭಾಗದಲ್ಲಿ ಸೂರಿನ ಅಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿಸಿ, ನೀರನ್ನು ಹಾದಿಯ ಎರಡೂ ಬದಿಗೆ ಸಾಗಿಸಿ ನೆಲಕ್ಕಿಳಿಸಿ. ಪಕ್ಕಗಳು ಗಾಜಾಗಿರಲಿ, ಅಂಗಳದಲ್ಲಿ ನಿಂತವರಿಗೆ ಎರಡು ಕಟ್ಟಡಗಳು ಬೇರೆಬೇರೆಯಾಗಿಯೇ ಕಾಣಬೇಕು. 90 ಸೆಂಟಿಮೀಟರಿಗೆ 15ರಂತೆ ಆರು ಮೆಟ್ಟಿಲು. ತಾಯಿಯವರ ಕೋಣೆ, ಬಚ್ಚಲು, ಅಡುಗೆಮನೆ, ಹಜಾರ ಎಲ್ಲವೂ ಕೆಳಗೇ ಇರುವುದರಿಂದ ಅವರು ಆ ಮೆಟ್ಟಿಲುಗಳನ್ನು ನಿತ್ಯ ಹತ್ತಬೇಕಾಗಿಲ್ಲ. ಇಳಿಜಾರು ಹಾದಿಯೇ ಬೇಕೆಂದರೆ ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ ಸುಮಾರು 11 ಮೀಟರ್ ಉದ್ದ ಬೇಕಾಗುತ್ತದೆ, ಅದನ್ನು ಅಂಗಳದ ಅಂಚಿನಲ್ಲಿ ಹೊರಗೆ ಮಾಡಿಸಿ.

ಅಡಿಪಾಯ ತೋಡಿಸುವ ಮೊದಲು ಅಂಕಣಗಳ ಮೂಲೆಗಳಲ್ಲೆಲ್ಲ ಗೂಟ ಹೊಡೆದು ಹಗ್ಗ ಕಟ್ಟಿ, ಸೂರಿನ ಎತ್ತರಕ್ಕೆ ನಾಲ್ಕು ಉದ್ದನೆಯ ಕೋಲು ನಿಲ್ಲಿಸಿ, ಒಂದು ಸಂಜೆ ಪೂರ್ತಿ ಆ ಅಂಗಳದಲ್ಲಿ ಕುಳಿತು ನೋಡಿ.

ಹೊಲದಂಚು:

ಕಳೆದ ವಾರ ಹಾಗೆಯೇ ಮಾಡಿದೆವು. ಗೂಟಗಳ ನಡುವೆ ಕುರ್ಚಿ ಹಾಕಿ ಕುಳಿತಾಗ, ಅಂಗಳದಿಂದ ಮುಳುಗುವ ಸೂರ್ಯ ಕಾಣಿಸದಂತೆ ಕೆಳಗಿನ ಕಟ್ಟಡ ಪೂರ್ತಿ ಅಡ್ಡ ಬರುತ್ತದೆಂದು ತಿಳಿಯಿತು. ಅಡುಗೆಮನೆಯ ಪಕ್ಕದ ಅಂಕಣದಲ್ಲಿ ನಿಂತರೆ ಮಾತ್ರ ಎರಡು ಕಡೆಯ ತೆರಪಿನ ಮೂಲಕ ದೂರದ ಹೊಲದವರೆಗೂ ನೋಟ ಹಾಯುತ್ತಿತ್ತು. ಗಾಡಿಬಾಗಿಲಿನ ಮಾತು ಆಗ ಅರ್ಥವಾಯಿತು. ಆ ಅಂಕಣ ಅಂಗಳದ ನಡುವಿಗೆ ಎದುರಾಗುವಂತೆ ಕೆಳಗಿನ ಕಟ್ಟಡವನ್ನು ಮೂರು ಮೀಟರ್, ಎಂದರೆ ಒಂದೇ ಅಂಕಣ, ದಕ್ಷಿಣಕ್ಕೆ ಸರಿಸಿದ್ದೇವೆ. ನಕ್ಷೆಯಲ್ಲಿ ಬೇರೇನನ್ನೂ ತಿದ್ದಬೇಕಾಗಲಿಲ್ಲ.